ಬಾವಿಕಟ್ಟೆಯ ಸರದಿ

ಕಥೆ ಹೇಳುವುದು ಹೇಗೆ ಎಂದು ಕೇಳಿಕೊಂಡು ಈಗ ನನ್ನ ಹತ್ತಿರ ಜನ ಬರುತ್ತಾರೆ. ಕಾಲೇಜಿನ ಹುಡುಗಿಯರು ಬರುತ್ತಾರೆ, ಪತ್ರಿಕೆಗೆ ಬರೆಯುವವರು ಬರುತ್ತಾರೆ. ಮೊನ್ನೆ ಒಬ್ಬ ಕನ್ನಡಕದವನು ಬಂದು ನನ್ನೆದುರು ಫೋನು ಇಟ್ಟು, "ನಿಮ್ಮ ಗುಟ್ಟೇನು ಅಂತ ಹೇಳಿ ಅಮ್ಮ" ಎಂದ. ಗುಟ್ಟಂತೆ. ಊರ ಶಾಲೆಯಲ್ಲಿ ಏಳನೇ ತರಗತಿಗೇ ಸ್ಲೇಟು ಎಸೆದು ಎದ್ದು ಬಂದವಳು ನಾನು. "ಯಾವತ್ತಾದ್ರೂ ಬಾವಿಯಿಂದ ನೀರು ತಂದಿದ್ದೀಯೇನಪ್ಪ?" ಎಂದು ಕೇಳಿದೆ. ಇಲ್ಲ ಎಂದ. "ಹಂಗಾದ್ರೆ ನಿನಗೆ ಹೇಳೋದು ಕಷ್ಟ" ಎಂದೆ. ಅವನು ನಕ್ಕು ಅದನ್ನೇ ಬರೆದುಕೊಂಡ. ನಾನು ತಮಾಷೆಗೆ ಹೇಳಿರಲಿಲ್ಲ.

ನಮ್ಮ ಬೀದಿಗೆ ನಲ್ಲಿ ಬಂದು ಬಹಳ ಕಾಲವಾಯಿತು. ನಲ್ಲಿಗೆ ಏನೂ ಹೇಳಬೇಕಾಗಿಲ್ಲ. ತಿರುಗಿಸಿದರೆ ಸುರಿಯುತ್ತದೆ, ನಿಲ್ಲಿಸಿದರೆ ನಿಲ್ಲುತ್ತದೆ. ನಲ್ಲಿ ಬಂದ ಮೇಲೆ ಸೊಂಟ ನೋವು ಕಡಿಮೆಯಾಯಿತು, ಅದನ್ನು ಅಲ್ಲಗಳೆಯುವಷ್ಟು ಹುಚ್ಚಿಯಲ್ಲ ನಾನು. ಆದರೂ ಬೆಳಿಗ್ಗೆ ಎದ್ದು ಬಾಗಿಲು ತೆಗೆದಾಗ ಬೀದಿ ಸಪ್ಪಗೆ ಬಿದ್ದಿರುವುದನ್ನು ನೋಡಿದರೆ ಇವತ್ತಿಗೂ ಕೈ ಕೊಡ ಹುಡುಕುತ್ತದೆ.

ಆಗ ನಮ್ಮ ಬೀದಿಗೆ ಇದ್ದದ್ದು ಅದೊಂದೇ ಬಾವಿ. ನೀರು ಯಾವ ಹಗ್ಗವೂ ಮುಟ್ಟದಷ್ಟು ಆಳದಲ್ಲಿತ್ತು. ಬೆಳಕು ಹರಿಯುವ ಹೊತ್ತಿಗೆ ಯಾರಾದರೊಬ್ಬರು ಕಟ್ಟೆಯ ಮೇಲೆ ಕುಳಿತು, ಒಳಕ್ಕೆ ಬಗ್ಗಿ, ಕಥೆ ಹೇಳಬೇಕು. ಹೇಳಿದ್ದು ಹಿಡಿಸಿದರೆ ನೀರು ಏರಿ ಬರುತ್ತಿತ್ತು. ತುಂಬ ಹಿಡಿಸಿದರೆ ಹಗ್ಗವೇ ಬೇಡ, ಬಗ್ಗಿ ಚೊಂಬಿನಲ್ಲಿ ಮೊಗೆಯಬಹುದಿತ್ತು. ಮನೆಗೊಂದು ದಿನದಂತೆ ಸರದಿ. "ಇವತ್ತು ಯಾರದ್ದೇ?" "ಕಮ್ಮಾರ ಬೋರಯ್ಯಂದು." "ಹಂಗಾದ್ರೆ ಬಟ್ಟೆ ಒಗೆಯೋದು ನಾಳೆಗಿಟ್ಕೊ." ಹೀಗೆ ನಡೆಯುತ್ತಿತ್ತು ನಮ್ಮ ಮಾತು. ಹೆಣ್ಣು ನೋಡಲು ಹೋದವರು ಹುಡುಗಿಗೆ ಹಾಡು ಬರುತ್ತದೆಯೇ ಎಂದು ಕೇಳುತ್ತಿರಲಿಲ್ಲ, ನಿನ್ನೆ ಏನಾಯಿತು ಹೇಳಮ್ಮ ಎನ್ನುತ್ತಿದ್ದರು. ಪರವೂರಿಗೆ ಹೋಗಿ ಬಂದವರಿಗೆ ಎಲ್ಲರ ಮನೆಯಲ್ಲೂ ಕಾಫಿ. ಗಂಡ ಹೆಂಡಿರ ಜಗಳಕ್ಕೆ ಯಾರೂ ಅಡ್ಡ ಹೋಗುತ್ತಿರಲಿಲ್ಲ, ಇನ್ನೆರಡು ದಿನಕ್ಕೆ ಅವರದೇ ಸರದಿಯಲ್ಲವೇ ಎಂದು ಕಾಯುತ್ತಿದ್ದರು.

ಬಾವಿಯ ರಾಟೆಯ ಪಕ್ಕದ ಗೂಟಗಳಲ್ಲಿ ಪ್ರತಿ ಮನೆಯದೂ ಒಂದೊಂದು ಹಗ್ಗ ತೂಗುತ್ತಿತ್ತು. ಯಾವ ಮನೆಯವರ ಕಥೆಗೆ ಮೂರು ಸರದಿ ಸತತವಾಗಿ ನೀರು ಬರಲಿಲ್ಲವೋ ಆ ಮನೆಯ ಹಗ್ಗವನ್ನು ಬಾವಿ ನೋಡಿಕೊಳ್ಳುತ್ತಿದ್ದ ಹಿರಿಯ ಪಾಲಯ್ಯ ಸುರುಳಿ ಸುತ್ತಿ ಅವರ ಬಾಗಿಲಲ್ಲಿ ಇಟ್ಟು ಬರುತ್ತಿದ್ದ.  ಹಗ್ಗ ಬಾಗಿಲಿಗೆ ಬಂದ ಮನೆಯವರು ಎಲ್ಲರೂ ತುಂಬಿಕೊಳ್ಳುವ ತನಕ ಕೊಡ ಹಿಡಿದು ನಿಂತು, "ಒಂದು ಕೊಡ ಹಾಕ್ರವ್ವ" ಎಂದು ಕೇಳಬೇಕು. ಬೀದಿಯ ಕೊನೆಯಲ್ಲಿದ್ದ, ನೂಲಿಗೆ ಬಣ್ಣ ಹಾಕುವವರ ಮನೆಗೆ ಹಾಗಾಗಿತ್ತು. ಕೇಳಿ ಕೇಳಿ ಬೇಸತ್ತು ಅವರು ಊರೇ ಬಿಟ್ಟರು.

ನಮ್ಮದು ಮಂಡಕ್ಕಿ ಹುರಿಯುವ ಭಟ್ಟಿ. ಭತ್ತ ನೆನೆಹಾಕಲು ದಿನಕ್ಕೆ ಹಂಡೆಗಟ್ಟಲೆ ನೀರು ಬೇಕು. ನಾನು ಸೊಸೆಯಾಗಿ ಬಂದ ದಿನದಿಂದ ಅದು ನಮಗೆ ಯೋಚನೆಯ ವಿಷಯವೇ ಆಗಿರಲಿಲ್ಲ, ಏಕೆಂದರೆ ನನ್ನ ಅತ್ತೆ ದ್ಯಾಮಕ್ಕ ಇದ್ದಳು. ಅವಳ ಸರದಿಯೆಂದರೆ ಬೀದಿಯ ಹೆಂಗಸರು ಕೊಡದ ಜೊತೆಗೆ ಕೊಳಗ, ಬೋಸಿ, ಮಕ್ಕಳ ಹಾಲಿನ ಲೋಟ ಕೂಡ ಹೊತ್ತು ಬರುತ್ತಿದ್ದರು. ಅವಳು ಕಟ್ಟೆಯ ಮೇಲೆ ಕುಳಿತು, ಸೆರಗು ಸರಿ ಮಾಡಿಕೊಂಡು, "ನಮ್ಮೂರಾಗೆ ಒಬ್ಬನಿದ್ದ, ಅವನಿಗೆ ತನ್ನ ನೆರಳು ಕಂಡ್ರೆ ಆಗ್ತಿರಲಿಲ್ಲ" ಎನ್ನುತ್ತಿದ್ದಳು. ಅಷ್ಟಕ್ಕೇ ಒಳಗೆ ನೀರು ಅಲುಗಿದ ಸದ್ದು ಕೇಳುತ್ತಿತ್ತು. ಆ ತಣ್ಣನೆ ಬೆಳಗು, ಒದ್ದೆ ಕಲ್ಲಿನ ವಾಸನೆ, ಕೊಡಗಳನ್ನು ಸೊಂಟಕ್ಕೆ ಆನಿಸಿಕೊಂಡು ಬಾಯಿ ಬಿಟ್ಟು ನಿಂತ ಹೆಂಗಸರು, ನಗು ತಡೆಯಲಾಗದೆ ಕೆಮ್ಮುವ ಪಾಲಯ್ಯ. ಮತ್ತೆ ಅಂಥದ್ದು ಎಲ್ಲೂ ಕಾಣಲಿಲ್ಲ ನನಗೆ.

ಒಂದು ಮಧ್ಯಾಹ್ನ ಭಟ್ಟಿಯ ಮುಂದೆ ಕುಳಿತಿದ್ದ ಅತ್ತೆ ಹಾಗೇ ಪಕ್ಕಕ್ಕೆ ವಾಲಿದಳು. ಲಕ್ವ ಹೊಡೆದಿತ್ತು. ಬಲಗೈ ಹೋಯಿತು, ಮಾತು ಹೋಯಿತು. ಅಷ್ಟು ಮಾತು ತುಂಬಿದ್ದ ಬಾಯಲ್ಲಿ ಉಳಿದದ್ದು ಒಂದೇ ಒಂದು "ಹೂಂ". ಕಥೆ ಕೇಳುವವರು ಅನ್ನುತ್ತಾರಲ್ಲ, ಆ ಹೂಂ.

"ಇನ್ನು ನಮ್ಮನೆ ಸರದಿ ನಿಂದೇ ತಿಪ್ಪಕ್ಕ" ಎಂದ ನನ್ನ ಗಂಡ ಓಬಳೇಶ. ಅವನು ಮಾತಿಗೆ ಬಡವ. ಅನ್ನ ಬೇಕೆಂದರೂ ತಟ್ಟೆ ಸರಿಸುವವನು. ನನ್ನ ಬಾಯಿ ಬೀದಿಗೆಲ್ಲ ಗೊತ್ತಿದ್ದದ್ದೇ. ಬೈಯುವುದಕ್ಕೆ ನಿಂತರೆ ತರಕಾರಿ ಗಾಡಿಯವನು ತಕ್ಕಡಿ ಬಿಟ್ಟು ಓಡಬೇಕು. ಆದರೆ ಬೈಗುಳಕ್ಕೆ ಸಿಗುವ ಮಾತು ಕಥೆಗೆ ಎಲ್ಲಿ ಸಿಗುತ್ತದೆ?

ನಾನೂ ಜಾಣೆಯೆಂದುಕೊಂಡೆ. ಅತ್ತೆಯ ನೆರಳಿನ ಕಥೆ ನನಗೆ ಬಾಯಿಪಾಠವಾಗಿತ್ತು. ಮೊದಲ ಸರದಿಯ ದಿನ ಕಟ್ಟೆಯ ಮೇಲೆ ಕುಳಿತು, ಅವಳ ಹಾಗೆಯೇ ಸೆರಗು ಸರಿ ಮಾಡಿಕೊಂಡು, ಅವಳ ಹಾಗೆಯೇ ತಲೆ ವಾಲಿಸಿ, ಅವಳು ಎಲ್ಲೆಲ್ಲಿ ನಿಲ್ಲಿಸುತ್ತಿದ್ದಳೋ ಅಲ್ಲೆಲ್ಲ ನಿಲ್ಲಿಸಿ ಹೇಳಿದೆ. ಒಂದಕ್ಷರ ತಪ್ಪಲಿಲ್ಲ. ನೀರು ಕದಲಲಿಲ್ಲ. ಪಾಲಯ್ಯ ಕಲ್ಲು ಹಾಕಿ ನೋಡಿದ. ಎಷ್ಟೋ ಹೊತ್ತಾದ ಮೇಲೆ ಸದ್ದು ಬಂತು.

"ಅತ್ತೆ ಸೀರೆ ಉಟ್ಟಂಗಾಯ್ತು ಬಿಡು" ಎಂದಳು ಎದುರು ಮನೆಯ ಸಣ್ಣಮಾರಕ್ಕ. "ನೆರಿಗೆ ನೆಲ ಗುಡಿಸ್ತಿತ್ತು."

"ನಿನ್ನ ಸರದೀಲಿ ನೀನು ಏನುಟ್ಕೊಂಡು ಬರ್ತೀಯ ನೋಡ್ತೀನಿ" ಎಂದೆ. ಅವತ್ತು ಬೀದಿಯವರೆಲ್ಲ ಕೆರೆಗೆ ಹೋಗಿ ಕೆಂಪು ನೀರು ತಂದರು. ದಾರಿಯುದ್ದಕ್ಕೂ ನನ್ನ ಹೆಸರು ಹೇಳಿಕೊಂಡೇ ಹೋದರು.

ಆಮೇಲೆ ನಾನು ಅಭ್ಯಾಸಕ್ಕೆ ಕುಳಿತೆ. ಭಟ್ಟಿಯ ಮುಂದೆ ಅತ್ತೆಗೆ ಚೀಲ ಮಡಿಸಿ ಹಾಸಿ ಒರಗಿಸಿ ಕೂರಿಸುತ್ತಿದ್ದೆ. ನಾನು ಬಾಣಲೆಯಲ್ಲಿ ಮರಳು ಕಾಯಿಸಿ ಅಕ್ಕಿ ಹಾಕಿ ಹುರಿಯುತ್ತ ಅವಳಿಗೆ ಕಥೆ ಹೇಳುವುದು, ಅವಳು ಕೇಳುವುದು. ಮುದುಕಿಗೆ ಹೂಂ ಎನ್ನುವುದೊಂದೇ ಕೆಲಸ, ಅದನ್ನೂ ಸುಲಭಕ್ಕೆ ಕೊಡುತ್ತಿರಲಿಲ್ಲ. ನಾನು ಸಂತೆಗೆ ಹೋದ ಕಥೆ ಹೇಳಿದೆ. ಯಾವ ಸೀರೆ ಉಟ್ಟೆ, ಯಾವ ದಾರಿ ಹಿಡಿದೆ, ಯಾರು ಸಿಕ್ಕರು, ಅವರ ಮಗಳಿಗೆ ಎಲ್ಲಿ ಗಂಡು ಗೊತ್ತಾಯಿತು. ಅವಳು ಎಡಗೈಯಿಂದ ಪಕ್ಕದಲ್ಲಿದ್ದ, ಮಂಡಕ್ಕಿಯಿಂದ ಮರಳು ಬೇರೆ ಮಾಡುವ ಜರಡಿ ಎತ್ತಿ, ನನ್ನ ಮುಖದ ಮುಂದೆ ಗರಗರ ಆಡಿಸಿದಳು. ಅದರಲ್ಲಿದ್ದ ಮರಳೆಲ್ಲ ನನ್ನ ಮಡಿಲಿಗೆ ಸುರಿಯಿತು. "ಕೈ ಬಿದ್ದೋದ್ರೂ ಕೊಬ್ಬು ಹೋಗಿಲ್ಲ ನಿನಗೆ" ಎಂದು ಕೂಗಿ ಎದ್ದೆ. ಸಂಜೆ ಸೀರೆ ಕೊಡವುವಾಗ ಅವಳು ಏನು ಹೇಳಿದ್ದಳೆಂದು ಹೊಳೆಯಿತು. ಮಾರನೆಯ ದಿನ ಸೀರೆ, ದಾರಿ, ಗಂಡು ಎಲ್ಲ ಬಿಟ್ಟು ಹೇಳಿದೆ. ಬಿಟ್ಟ ಮೇಲೆ ನೋಡಿದರೆ ಏನೂ ಉಳಿದಿರಲಿಲ್ಲ.

ಎರಡನೆಯ ಸರದಿಗೆ ಹೆದರಿಕೆ ಹತ್ತಿತು. ಶಾಲೆಯ ಮೇಷ್ಟ್ರು ಜಂಬಣ್ಣನವರ ಹತ್ತಿರ ಹೋಗಿ ಒಂದು ಒಳ್ಳೆಯ ಕಥೆ ಕೊಡಿ ಎಂದು ಕೇಳಿದೆ. ಬಹಳ ಸಂತೋಷದಿಂದ ಕೊಟ್ಟರು. ಅದರಲ್ಲಿ ರಾಜನಿದ್ದ, ದುರಾಸೆಯ ಮಂತ್ರಿಯಿದ್ದ, ಮಂತ್ರಿಗೆ ಕೊನೆಗೆ ಶಿಕ್ಷೆಯೂ ಇತ್ತು. ನಾನು ಮಂತ್ರಿಯ ದುರಾಸೆಯನ್ನು ಚೆನ್ನಾಗಿಯೇ ಹೇಳಿದೆನೆಂದು ಕಾಣುತ್ತದೆ, ನೀರು ಅರ್ಧ ಬಾವಿಯವರೆಗೆ ಏರಿತು. ಹೆಂಗಸರು ಹಗ್ಗಕ್ಕೆ ಕೈ ಹಾಕಿದರು. ಆಗ ನಾನು ಮೇಷ್ಟ್ರು ಹೇಳಿಕೊಟ್ಟ ಹಾಗೆ, "ಆದ್ದರಿಂದ ಮನುಷ್ಯನಾದವನು ಅತಿಯಾಸೆ ಪಡಬಾರದು" ಎಂದೆ. ಕೆಳಗಿನಿಂದ ಗುಳಕ್ ಎಂದು ಒಂದು ಸದ್ದು. ನೀರು ಇದ್ದಕ್ಕಿದ್ದ ಹಾಗೆ ತಳ ಸೇರಿತು. ಒಬ್ಬಳ ಕೊಡ ಅರ್ಧ ದಾರಿಯಲ್ಲಿ ಖಾಲಿ ನೇತಾಡುತ್ತಿತ್ತು.

"ಮೇಷ್ಟ್ರ ಕ್ಲಾಸಲ್ಲೂ ಹುಡುಗರು ಹಿಂಗೇ ಮುಳುಗೋದು" ಎಂದ ಪಾಲಯ್ಯ. ಯಾರೂ ನಗಲಿಲ್ಲ. ಆಮೇಲೆ ಅವನು ನನ್ನನ್ನು ಪಕ್ಕಕ್ಕೆ ಕರೆದು, "ಇನ್ನೊಂದೇ ಸರದಿ ಉಳಿದಿರೋದು ತಾಯಿ. ದ್ಯಾಮಕ್ಕನ ಹಗ್ಗ ಸುತ್ತಿ ಅವಳ ಬಾಗಿಲಿಗೇ ಇಡೋ ಹಂಗೆ ಮಾಡಬೇಡ ನನ್ನ" ಎಂದ. 

ಮನೆಗೆ ಬಂದರೆ ಅತ್ತೆ ನನ್ನ ಕೊಡವನ್ನೇ ನೋಡಿದಳು. ಒಣ ಕೊಡ. ಒಂದು ಮಾತು ಬೈದಿದ್ದರೆ ನನಗೆ ಹಾಯೆನಿಸುತ್ತಿತ್ತು. ಬೈಯುವ ಹಾಗಿರಲಿಲ್ಲ ಅವಳು. ಓಬಳೇಶ ಭಟ್ಟಿಯ ಬೂದಿ ಕೆದಕುತ್ತ, "ಹಗ್ಗ ಬಂದ್ರೆ ಭಟ್ಟಿ ಆರಿಸಬೇಕಾಗ್ತೈತೆ" ಎಂದ. ಇಡೀ ವಾರದಲ್ಲಿ ಅವನು ಆಡಿದ ಉದ್ದನೆಯ ಮಾತು ಅದು.

ಆ ದಿನಗಳಲ್ಲಿ ನನಗೆ ಯಾರ ಮೇಲೆ ಸಿಟ್ಟು ಬರುತ್ತಿರಲಿಲ್ಲ ಎಂದು ಕೇಳಿ. ಬಾಣಲೆ ಮೇಲೆ, ಬಾವಿ ಮೇಲೆ, ಸಣ್ಣಮಾರಕ್ಕನ ಮೇಲೆ, ಮೇಷ್ಟ್ರ ಮೇಲೆ. ಒಂದು ಮಧ್ಯಾಹ್ನ ಹುರಿಯುತ್ತ ಹುರಿಯುತ್ತ ನನ್ನಷ್ಟಕ್ಕೆ ಗೊಣಗುತ್ತಿದ್ದೆ. "ನೀನು ಬಿದ್ದು ಇಷ್ಟು ದಿನ ಆಯ್ತು, ನನ್ನಪ್ಪ ಅನ್ನಿಸ್ಕೊಂಡೋನು ಒಂದು ದಿನ ಬಂದು ನೋಡ್ಲಿಲ್ಲ. ಆತ ಹಂಗೇ. ನನ್ನ ಮದುವೆ ಆಗಿ ನಾನು ಗಾಡಿ ಹತ್ತೋವಾಗ್ಲೇ ಬರ್ಲಿಲ್ಲ."

"ಹೂಂ" ಎಂದಳು ಅತ್ತೆ.

ನಾನು ತಿರುಗಿ ನೋಡಿದೆ. ಅಷ್ಟು ದಿನದಲ್ಲಿ ಅವಳಿಂದ ಬಂದ ಮೊದಲನೆಯ ನಿಜವಾದ ಹೂಂ. ಅವಳು ಚೀಲದ ಮೇಲಿಂದ ಮುಂದಕ್ಕೆ ಬಾಗಿದ್ದಳು, ಕಣ್ಣು ನನ್ನ ಮೇಲೇ ಇತ್ತು. "ಅದೇನು ಕಥೆಯಲ್ಲ, ನನ್ನ ಹೊಟ್ಟೆ ಉರಿ" ಎಂದೆ. "ಹೂಂ" ಎಂದಳು ಮತ್ತೆ. ನನಗೆ ರೇಗಿತು. "ನಮ್ಮಪ್ಪನ ಮಾನ ಬೀದಿಗೆ ಹಾಕಿ ನೀರು ಸೇದಬೇಕಾ ನಾನು?" ಎಂದು ಸಟ್ಟುಗ ಎಸೆದು ಒಳಗೆ ಹೋದೆ.

ಮೂರನೆಯ ಸರದಿಯ ಬೆಳಿಗ್ಗೆ ಇಡೀ ಬೀದಿ ಬಂದಿತ್ತು. ನನ್ನ ಮೇಲಿನ ಆಸೆಗಲ್ಲ, ದ್ಯಾಮಕ್ಕನ ಹಗ್ಗ ಇಳಿಯುವುದನ್ನು ನೋಡಲು. ಓಬಳೇಶ ತಾಯಿಯನ್ನು ಮಗುವಿನ ಹಾಗೆ ಎತ್ತಿ ತಂದು ಕಟ್ಟೆಯ ಪಕ್ಕದ ಕಲ್ಲಿನ ಮೇಲೆ ಕೂರಿಸಿದ. ಅವಳೇ ಹೋಗಲೇಬೇಕೆಂದು ಬಾಗಿಲಿಗೆ ಕೈ ತೋರಿಸಿ ತೋರಿಸಿ ಹಟ ಮಾಡಿದ್ದಳು. ಪಾಲಯ್ಯ ಯಾರ ಮುಖವನ್ನೂ ನೋಡದೆ ನಮ್ಮ ಹಗ್ಗದ ಪಕ್ಕದಲ್ಲೇ ನಿಂತಿದ್ದ.

ನಾನು ರಾತ್ರಿಯೆಲ್ಲ ಕಟ್ಟಿಟ್ಟುಕೊಂಡಿದ್ದ ಒಂದು ಕಥೆಯಿತ್ತು, ಹಾವು ಮತ್ತು ಬಳೆಗಾರನದು. ಶುರು ಮಾಡಿದೆ. ನೀರು ಕದಲಲಿಲ್ಲ. ಹಾವಿಗೆ ಎರಡು ಹೆಡೆ ಮಾಡಿದೆ. ಕದಲಲಿಲ್ಲ. ಅತ್ತೆಯ ಕಡೆ ನೋಡಿದರೆ ಅವಳು ಆಕಾಶ ನೋಡುತ್ತಿದ್ದಳು. ಹಿಂದಿನಿಂದ ಯಾರೋ ಆಕಳಿಸಿದರು. ನನಗೆ ಎಲ್ಲಿತ್ತೋ ಸಿಟ್ಟು, ಅಂಗಾಲಿನಿಂದ ನೆತ್ತಿಗೆ ಬಂತು. "ಹಾವೂ ಬೇಡ, ಹಾಳೂ ಬೇಡ" ಎಂದು ಕಟ್ಟೆಗೆ ಗುದ್ದಿದೆ. "ಕೇಳು ಹಂಗಾದ್ರೆ. ಚೆನ್ನಾಗಿ ಕೇಳು. ನಮ್ಮಪ್ಪ ನನ್ನ ಮದುವೆ ದಿನ ಹೆಂಚಿನ ಮಾಡು ಹತ್ತಿ ಕೂತಿದ್ದ."

ಸೆರಗು ಸರಿ ಮಾಡಿಕೊಳ್ಳಲಿಲ್ಲ, ತಲೆ ವಾಲಿಸಲಿಲ್ಲ. ಬೈಯುವ ಧ್ವನಿಯಲ್ಲೇ ಹೇಳಿದೆ.

"ನಮ್ಮಪ್ಪ ಹೆಂಚು ಹೊದಿಸೋನು. ನಮ್ಮ ಕಡೆ ಮಗಳು ಗಾಡಿ ಹತ್ತುವಾಗ ಅಪ್ಪ ಬಂದು ಅವಳ ಕೈಗೆ ಹಾಲು ಬಿಟ್ಟು, ಹೋಗಿ ಬಾ ಅನ್ನಬೇಕು. ಅಷ್ಟೇ ಅವನ ಕೆಲಸ. ಮುಹೂರ್ತದಾಗೆ ಇದ್ದ, ಊಟಕ್ಕೆ ಇದ್ದ. ಗಾಡಿ ಕಟ್ಟೋ ಹೊತ್ತಿಗೆ ಆಸಾಮಿ ಇಲ್ಲ. ಎಲ್ಲರೂ ಹುಡುಕಿದ್ರು. ಕೊನೆಗೆ ನಮ್ಮ ಸೋದರಮಾವ ಹಾಲು ಬಿಟ್ಟ. ಅವನಿಗೆ ಅಭ್ಯಾಸ ಇಲ್ಲ, ಅರ್ಧ ಹಾಲು ನನ್ನ ಸೀರೆ ಮೇಲೆ. ಗಾಡಿ ಹೊರಡ್ತು. ಓಣಿ ದಾಟಿದ ಮೇಲೆ ತಿರುಗಿ ನೋಡ್ತೀನಿ, ನಮ್ಮ ಓಣಿ ಆಚೆ ಗುರುಸಿದ್ದಪ್ಪನ ಮನೆ ಮಾಡಿನ ತುದೀಲಿ ಕೂತವ್ನೆ. ಕೈಯಾಗೆ ಒಂದು ಹೆಂಚು."

"ಹೂಂ" ಎಂದಳು ಅತ್ತೆ.

"ಮದುವೆ ಪಂಚೆ ಉಟ್ಕೊಂಡೇ ಕೆಲಸಕ್ಕೆ ಹತ್ತಿದ್ದ. ಆ ಹೆಂಚು ತೆಗೀತಾನೆ, ನೋಡ್ತಾನೆ, ಅಲ್ಲೇ ಇಡ್ತಾನೆ. ಮತ್ತೆ ಅದನ್ನೇ ತೆಗೀತಾನೆ. ಗಾಡಿ ಕೆರೆ ಏರಿ ಮೇಲೆ ಬಂತು, ತಿರುಗಿ ನೋಡಿದೆ, ಅಲ್ಲೇ ಅವ್ನೆ. ಹುಣಿಸೆ ತೋಪು ದಾಟ್ತು, ಅಲ್ಲೇ ಅವ್ನೆ, ಕಾಗೆಯಷ್ಟು ಕಾಣ್ತಿದ್ದ. ಒಂದು ಸಲ ಕೈ ಎತ್ತಲಿಲ್ಲ. ಗಾಡಿಯಾಗೆ ಗಂಡಿನ ಕಡೆ ಹೆಂಗಸರು ಕೇಳಿದ್ರು, ಯಾರದು ಮಾಡಿನ ಮೇಲೆ ಅಂತ. ನಾನು, ಯಾರೋ ಕೂಲಿಯೋನು ಅಂದೆ. ಒಂದರ್ಧ ದಿನ ತಡೀತಿರಲಿಲ್ವಾ ಅವನ ಕೆಲಸ? ಮಗಳಿಗಿಂತ ಹೆಚ್ಚಾಯ್ತಾ ಇನ್ನೊಬ್ಬರ ಮಾಡು?"

 ಆಗ ಸಣ್ಣಮಾರಕ್ಕ ಕೇಳಿದಳು. ಚುಚ್ಚಲು ಕೇಳಿದ್ದಲ್ಲ, ಕಥೆಯೊಳಗೆ ಸಿಕ್ಕಿಬಿದ್ದು ಕೇಳಿದ್ದು. "ಅಷ್ಟು ಸೋರ್ತಿತ್ತೇನೇ ಆ ಮನೆ?"

"ಸೋರೋದೇನು ಬಂತು, ಬೇಸಿಗೆಯಾಗೆ?" ಎಂದೆ ನಾನು, ಅದೇ ಸಿಟ್ಟಿನಲ್ಲಿ. "ಊರಿಗೇ ಎತ್ತರದ ಮನೆ ಗುರುಸಿದ್ದಪ್ಪಂದು. ಶಿವರಾತ್ರಿ ಹೊತ್ತಿಗೆ ತಾನೆ ಪೂರಾ ಹೊಸ ಹೆಂಚು ಹಾಕ್ಸಿದ್ರು. ಹೊದಿಸಿದೋನು ನಮ್ಮಪ್ಪನೇ."

ಅಲ್ಲಿಗೆ ನನ್ನ ಬಾಯಿ ನಿಂತಿತು.

ಅಷ್ಟು ವರ್ಷ ನಾನು ಆ ದಿನವನ್ನು ಎಷ್ಟು ಸಲ ನೆನೆಸಿಕೊಂಡು ಹಲ್ಲು ಕಡಿದಿದ್ದೆನೋ ಲೆಕ್ಕವಿಲ್ಲ. ಹಾಲು ಚೆಲ್ಲಿದ್ದು ನೆನೆಸಿಕೊಂಡಿದ್ದೆ, ಪಂಚೆ ನೆನೆಸಿಕೊಂಡಿದ್ದೆ, ಕಾಗೆಯಷ್ಟು ಆದದ್ದು ನೆನೆಸಿಕೊಂಡಿದ್ದೆ. ಹೊಸ ಹೆಂಚು ಕೂಡ ನನಗೆ ಗೊತ್ತಿದ್ದದ್ದೇ. ಇನ್ನೊಬ್ಬರಿಗೆ ಕೇಳುವ ಹಾಗೆ ಬಾಯಿಬಿಟ್ಟು ಹೇಳಿರಲಿಲ್ಲ, ಅಷ್ಟೇ. ಕೆರೆ ಏರಿ, ಹುಣಿಸೆ ತೋಪು, ಅದರಾಚೆಯ ದಿಬ್ಬ. ಆ ದಾರಿ ಅಷ್ಟುದ್ದಕ್ಕೂ ಕಾಣುವುದು ಊರಿನಲ್ಲಿ ಒಂದೇ ಒಂದು ಜಾಗದಿಂದ.

"ಅಂದ್ರೆ ನಮ್ಮಪ್ಪ" ಎಂದು ಶುರು ಮಾಡಿದೆ. ಪಕ್ಕದಿಂದ ಅತ್ತೆಯ ಎಡಗೈ ಬಂದು ನನ್ನ ಮಣಿಕಟ್ಟು ಹಿಡಿಯಿತು. ಬಿಗಿಯಾಗಿ ಹಿಡಿಯಿತು, ಬಳೆ ಒತ್ತಿ ನೋಯುವಷ್ಟು. ನಾನು ಬಾಯಿ ಮುಚ್ಚಿದೆ. ಆಗ ಕೇಳಿಸಿತು. ಕಲ್ಲಿಗೆ ನೀರು ತಾಗುವ ಸದ್ದು, ಮೆಲ್ಲಗೆ, ಗೋಡೆ ಸವರಿಕೊಂಡು ಹತ್ತಿ ಬರುವ ಹಾಗೆ. ಬಗ್ಗಿ ನೋಡಿದರೆ ನನ್ನ ಮುಖ ಕಂಡಿತು, ಕೈಗೆ ಸಿಗುವಷ್ಟು ಹತ್ತಿರ. ಯಾರೂ ಕೊಡ ಮುಂದಕ್ಕೆ ಚಾಚಲಿಲ್ಲ. ಸಣ್ಣಮಾರಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು, "ತುಂಬ್ಕೊಳ್ರೇ, ನಿಂತಿದ್ದೀರಲ್ಲ" ಎಂದು ಎಲ್ಲರ ಮೇಲೂ ರೇಗಿದಳು. ಪಾಲಯ್ಯ ನಮ್ಮ ಹಗ್ಗ ಬಿಟ್ಟು ದೂರ ಹೋಗಿ ನಿಂತುಕೊಂಡ.

ಹಂಡೆ ತುಂಬಿದ್ದು ಓಬಳೇಶ. ಭತ್ತ ನೆನೆಹಾಕಿದ್ದೂ ಅವನೇ. ನಾನು ಹಾಗೇ ಉಟ್ಟ ಸೀರೆಯಲ್ಲೇ ಬಸ್ ಸ್ಟ್ಯಾಂಡಿಗೆ ನಡೆದೆ.

ತವರು ಮುಟ್ಟುವಾಗ ಬಿಸಿಲು ಏರಿತ್ತು. ಅಪ್ಪ ಜಗಲಿಯ ಮೇಲೆ ಕುಳಿತು ಕಡಲೆಕಾಯಿ ಸುಲಿಯುತ್ತಿದ್ದ. ಮಾಡು ಹತ್ತುವುದು ಬಿಟ್ಟು ಎಷ್ಟೋ ಕಾಲವಾಗಿತ್ತು, ಮಂಡಿ ಮಡಚಲು ಬರುತ್ತಿರಲಿಲ್ಲ. ನನ್ನನ್ನು ನೋಡಿ, "ಏನಮ್ಮಿ, ಹೇಳದೆ ಕೇಳದೆ? ನಿಮ್ಮತ್ತೆ ಹೋದ್ಲಾ?" ಎಂದ.

"ಇಲ್ಲ, ಗಟ್ಟಿ ಅವ್ಳೆ."

"ಮತ್ತೆ?"

ನಾನು ಪಕ್ಕದಲ್ಲಿ ಕುಳಿತೆ. ಅವನು ಸುಲಿದ ಬೀಜ ನನ್ನ ಕಡೆ ಸರಿಸಿದ. ಓಣಿಯ ಆಚೆ ಗುರುಸಿದ್ದಪ್ಪನ ಮನೆ ಕಾಣುತ್ತಿತ್ತು, ಹೆಂಚು ಕಪ್ಪಾಗಿತ್ತು, ಆದರೆ ಒಂದೂ ಸರಿದಿರಲಿಲ್ಲ. ಸ್ವಲ್ಪ ಹೊತ್ತು ಇಬ್ಬರೂ ತಿಂದೆವು.

"ಆವತ್ತು ನಾನು ಗಾಡಿ ಹತ್ತಿದ ದಿನ, ಆ ಮನೆ ಎಲ್ಲಿ ಸೋರ್ತಿತ್ತಪ್ಪ?" ಎಂದು ಕೇಳಿದೆ.

ಅವನ ಕೈ ನಿಂತಿತು. ನನ್ನ ಸಿಟ್ಟು ನನಗೆ ಎಲ್ಲಿಂದ ಬಂತೆಂದು ಕೇಳುವವರು ಅವನ ಮುಖವನ್ನು ಆಗ ನೋಡಬೇಕಿತ್ತು.

"ನಾನು ಹೊದಿಸಿದ ಮಾಡು ಯಾಕೆ ಸೋರ್ತೈತೆ?" ಎಂದು ಗದರಿದ ಅಪ್ಪ, ಕೆರೆ ಏರಿಯ ಕಡೆ ಮುಖ ತಿರುಗಿಸಿಕೊಂಡು.

ನಾನು ಅವನ ಮುಂದಿದ್ದ ಕಡಲೆಕಾಯಿ ನನ್ನ ಕಡೆ ಎಳೆದುಕೊಂಡು ಸುಲಿಯತೊಡಗಿದೆ.